ಸಂಜೆಯ ರೈಲು

ಬಾಲ್ಯದಲ್ಲಿ ಕಣ್ಣು ಕಂಡುದನ್ನು ಮನಸ್ಸು ಬಹುಕಾಲ ಕಾದಿಟ್ಟುಕೊಳ್ಳುವುದೆಂಬುದಕ್ಕೆ ಬೆಲ್ಜಿಯಂ ದೇಶದ ಚಿತ್ರಕಾರರಾದ ಪಾಲ್ ಡೆಲ್ವೊ ಎಂಬವರ ಜೀವಿತವು ಒಂದು ಉತ್ತಮ ದೃಷ್ಟಾಂತವಾಗಿದೆ.

ಯೂರೋಪು ಭೂಖಂಡದಲ್ಲಿ ಜನರ ಸಂಚಾರಕ್ಕಾಗಿ ಉಗಿಬಂಡಿಯ ಮಾರ್ಗವನ್ನು ಮೊದಲು ತೆರೆದದ್ದು ಬೆಲ್ಜಿಯಂ. 1835ರಲ್ಲಿ ಬ್ರಸೆಲ್ಸಿನಿಂದ ಮೆಖೆಲೆನ್ ಪಟ್ಟಣದವರೆಗೆ ಬಂಡಿಯು ಓಡಿತು. ಅಂಥ ನಾಡಿನಲ್ಲಿ ಡೆಲ್ವೊ 1897ರಲ್ಲಿ ಜನಿಸಿದರು. ಬ್ರಸೆಲ್ಸ್ ನಗರದ ಟ್ರಾಮುಗಳೂ ರೈಲುಗಳೂ ಆ ಬಾಲಕನಿಗೆ ಮುಗಿಯದ ಆಶ್ಚರ್ಯವಾಗಿದ್ದವು. ತಾನು ಸ್ಟೇಷನ್ ಮಾಸ್ತರನಾಗಬೇಕೆಂಬುದೇ ಅವನ ಆಶೆ.

ತಂದೆಯವರು ವಕೀಲರು. ಮಗನು ಚಿತ್ರಕಾರನಾಗುವುದು ಹೆತ್ತವರಿಗೆ ಸಮ್ಮತವಿರಲಿಲ್ಲ. ಆದುದರಿಂದ ಆತನು ಕಟ್ಟಡಶಿಲ್ಪವನ್ನು ಕಲಿಯಹೋಗಿ ಗಣಿತದಲ್ಲಿ ಸೋತನು. 1919ರಲ್ಲಿ ಸಮುದ್ರತೀರದಲ್ಲಿ ಫ್ರಾಂಜ್ ಕೂರ್ಟೆನ್ಸ್ ಎಂಬ ಹಿರಿಯ ಚಿತ್ರಕಾರರು ಆತನ ಜಲವರ್ಣ ಚಿತ್ರಗಳನ್ನು ಕಂಡು, ಈ ಹುಡುಗನಿಗೆ ಚಿತ್ರಕಲೆಯನ್ನೇ ಕಲಿಸಿರೆಂದು ಹೆತ್ತವರಿಗೆ ಬುದ್ಧಿಹೇಳಿದರು. ಆ ಒಂದು ಮಾತಿನಿಂದ ಆತನ ದಾರಿ ತೆರೆಯಿತು.

ತಾರುಣ್ಯದಲ್ಲಿ ಬ್ರಸೆಲ್ಸಿನ ರೈಲು ನಿಲ್ದಾಣವನ್ನು ಚಿತ್ರಿಸಿದ ಇವರು, ಅರುವತ್ತರ ಸಮೀಪದಲ್ಲಿ ಪುನಃ ರೈಲಿಗೆ ಮರಳಿದರು. 1957ರ ‘ಸಂಜೆಯ ರೈಲು’ ಎಂಬ ಚಿತ್ರವು ಬ್ರಸೆಲ್ಸಿನ ರಾಜಕೀಯ ಚಿತ್ರಶಾಲೆಯಲ್ಲಿದೆ. ಕತ್ತಲು ಕವಿಯುತ್ತಿರುವ ನಿಲ್ದಾಣದಲ್ಲಿ ಬಾಲಕಿಯೊಬ್ಬಳು ನಮಗೆ ಬೆನ್ನುಮಾಡಿ ಒಬ್ಬಳೇ ನಿಂತಿದ್ದಾಳೆ. ಕಂಬಿಗಳೂ ಬಂಡಿಗಳೂ ಅತಿ ನಿಖರವಾಗಿ ಬರೆಯಲ್ಪಟ್ಟಿವೆ. ಆದರೂ ಎಲ್ಲವೂ ಸ್ವಪ್ನದಂತೆ ನಿಶ್ಶಬ್ದ. ಬಂಡಿಗಳು 1957ರವಲ್ಲ, ಚಿತ್ರಕಾರರ ಬಾಲ್ಯಕಾಲದವು. ಬಾಲಕಿಯ ಮುಖವನ್ನು ತೋರಿಸದಿರುವುದಕ್ಕೂ ಅರ್ಥವುಂಟು: ನಾವು ಅವಳನ್ನು ನೋಡುತ್ತ ನಿಲ್ಲದೆ, ಅವಳು ನೋಡುವುದನ್ನೇ ಅವಳೊಡನೆ ನೋಡತೊಡಗುತ್ತೇವೆ. ಅವಳು ಹೊರಟವಳೋ, ಕಾದಿರುವವಳೋ ಎಂಬುದನ್ನು ಚಿತ್ರವು ಹೇಳುವುದಿಲ್ಲ.

ಈ ಚಿತ್ರದ ಪ್ರತಿಯನ್ನು ನೋಡುವಾಗ ನಮಗೆ ಒಂದು ಹಳೆಯ ತಪ್ಪು ನೆನಪಾಗುತ್ತದೆ. ಒಮ್ಮೆ ಲೆಕ್ಕದ ಪುಸ್ತಕದ ಅಂಚಿನಲ್ಲಿ ರೈಲನ್ನು ಬರೆದಿದ್ದ ಬಾಲಿಕೆಯೊಬ್ಬಳಿಂದ ಅದನ್ನು ಅಳಿಸಿಹಾಕಿಸಿದೆವು. ಲೆಕ್ಕವನ್ನು ತಿದ್ದಿದ್ದು ನಮ್ಮ ಧರ್ಮವೇ. ಆದರೆ ಆ ರೈಲು ಎಲ್ಲಿಗೆ ಹೋಗುವುದೆಂದು ಕೇಳಲಿಲ್ಲ. ಆಕೆ ಮತ್ತೆ ನಮ್ಮೆದುರಿಗೆ ಏನನ್ನೂ ಬರೆಯಲಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಗಣಿತವನ್ನು ಶ್ರದ್ಧೆಯಿಂದ ಕಲಿಯಿರಿ. ಆದರೆ ದೇವರು ನಿಮ್ಮ ಕಣ್ಣಿಗೆ ಅನುಗ್ರಹಿಸಿದ ನೋಟಗಳನ್ನು ಅಲ್ಪವೆಂದೆಣಿಸಬೇಡಿರಿ. ಅಂಚಿನಲ್ಲಲ್ಲ, ಬೇರೊಂದು ಹಾಳೆಯಲ್ಲಿ ಬರೆದು ನಮಗೆ ತೋರಿಸಿರಿ. ಈ ಸಾರಿ ನಾವು ಕೇಳುವೆವು.