ಅರವತ್ತರ ಕೈಗಳಿಗೆ ಕೆಲಸ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬೇಂದ್ರೆಯವರು ತಮ್ಮ ಅರವತ್ತರ ಆಸುಪಾಸಿನಲ್ಲಿ ಹೊರತಂದ ಸಂಕಲನಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಾದೆಯಲ್ಲಿ ಬುದ್ಧಿಯ ಮಂಕು ಕೇಳಿಸಿದರೆ, ಆ ಹೆಸರಿನಲ್ಲಿ ಮರಳಿ ಅರಳುವುದೂ ಕೇಳಿಸುತ್ತದೆ. ಅಕ್ಷರಗಳು ಅವೇ, ಓದುವ ಬಗೆ ಬೇರೆ. ಇಂದು ಲೋಕದ ಅನೇಕ ಕಾರ್ಖಾನೆಗಳ ಒಡೆಯರು ಇಂಥದೇ ಎರಡು ಓದುಗಳ ನಡುವೆ ನಿಂತಿದ್ದಾರೆ ಎಂದು ನನಗೆ ತೋರುತ್ತದೆ.

ನಿವೃತ್ತಿಯ ವಯಸ್ಸನ್ನು ನಾವು ಪ್ರಕೃತಿಯ ನಿಯಮವೆಂಬಂತೆ ಭಾವಿಸುತ್ತೇವೆ. ಆದರೆ ಅದು ಕಾನೂನು ಮಾಡಿದ ಗೆರೆ. ಬಿಸ್ಮಾರ್ಕನ ಜರ್ಮನಿ 1889ರಲ್ಲಿ ವೃದ್ಧಾಪ್ಯ ವೇತನದ ಕಾನೂನು ಮಾಡಿದಾಗ ಆ ಗೆರೆ 70ರಲ್ಲಿತ್ತು. 1916ರಲ್ಲಿ ಅದು 65ಕ್ಕೆ ಇಳಿಯಿತು. ಹುಟ್ಟುವವರು ಕಡಿಮೆಯಾಗಿ ಬದುಕುವವರ ಆಯುಷ್ಯ ಹೆಚ್ಚಿದಾಗ, ಅದೇ ದೇಶ 2007ರಲ್ಲಿ ಗೆರೆಯನ್ನು 67ಕ್ಕೆ ಏರಿಸಲು ನಿರ್ಧರಿಸಿ, 2012ರಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸತೊಡಗಿತು. ಗೆರೆಯನ್ನು ಸರಿಸಲು ಒಂದು ಮಸೂದೆ ಸಾಕು. ಅರವತ್ತರ ಮಂಡಿ ಆ ಮಸೂದೆಯನ್ನು ಓದಿರುವುದಿಲ್ಲ.

ಆ ಮಂಡಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಬವೇರಿಯಾದ ಡಿಂಗೋಲ್ಫಿಂಗ್ ಎಂಬ ಪಟ್ಟಣದಲ್ಲಿರುವ ಬಿಎಂಡಬ್ಲ್ಯು ಕಾರ್ಖಾನೆ. 2007ರಲ್ಲಿ ಅಲ್ಲಿಯ ಕೆಲಸಗಾರರ ಸರಾಸರಿ ವಯಸ್ಸು 39. ಹತ್ತು ವರ್ಷದಲ್ಲಿ ಅದು 47 ಆಗುವುದೆಂದು ಲೆಕ್ಕ ಹೇಳಿತು. ವಯಸ್ಸಾದವರನ್ನು ಮನೆಗೆ ಕಳುಹಿಸುವುದು ಒಂದು ದಾರಿ; ಹಗುರ ಕೆಲಸದ ಮೂಲೆಗೆ ತಳ್ಳುವುದು ಇನ್ನೊಂದು. ಅವರು ಎರಡನ್ನೂ ಬಿಟ್ಟು, ಹತ್ತು ವರ್ಷದ ಮುಂದಿನ ಕಾಲವನ್ನು ಅಂದೇ ಕಟ್ಟಿ ನೋಡಿದರು. ಗೇರ್‌ಬಾಕ್ಸ್ ಜೋಡಿಸುವ ಒಂದು ಸಾಲಿನಲ್ಲಿ, ಸರಾಸರಿ ವಯಸ್ಸು 47 ಆಗುವಂತೆ 42 ಮಂದಿಯನ್ನು ನಿಲ್ಲಿಸಿದರು.

ಸುತ್ತಲಿನವರು ಅದನ್ನು ‘ಪಿಂಚಣಿದಾರರ ಸಾಲು’ ಎಂದು ಹಾಸ್ಯ ಮಾಡಿದರಂತೆ. (ಕುಹಕಕ್ಕೆ ಎಲ್ಲ ದೇಶಗಳಲ್ಲಿಯೂ ಒಂದೇ ವ್ಯಾಕರಣ!) ಆದರೆ ಅಲ್ಲಿ ನಡೆದದ್ದು ಗಮನಾರ್ಹ. ಎಲ್ಲಿ ನೋಯುತ್ತದೆ, ಏನು ಬದಲಾದರೆ ಕೆಲಸ ಸುಲಭವಾದೀತು ಎಂದು ಆ ಕೆಲಸಗಾರರನ್ನೇ ಕೇಳಿದರು. ಸುಮಾರು 70 ಸಣ್ಣ ಬದಲಾವಣೆಗಳಾದವು. ಸಿಮೆಂಟಿನ ಬದಲು ಮರದ ನೆಲ ಬಂತು. ನಿಂತವರ ಮಂಡಿಗೆ ಅದು ಮೆದು. ಕ್ಷೌರದಂಗಡಿಯಲ್ಲಿ ಇರುವಂಥ ಕುರ್ಚಿಗಳು ಬಂದವು. ಕೂತು ಕೆಲಸ ಮಾಡಬಹುದು, ಗಳಿಗೆ ಹೊತ್ತು ಸುಧಾರಿಸಿಕೊಳ್ಳಬಹುದು. ಆಳೆತ್ತರಕ್ಕೆ ಹೊಂದಿಸಿಕೊಳ್ಳುವ ಮೇಜು, ಸಣ್ಣ ಭಾಗಗಳನ್ನು ನೋಡಲು ಭೂತಗನ್ನಡಿ, ಪರದೆಯ ಮೇಲೆ ದೊಡ್ಡ ಅಕ್ಷರ. ಒಂದೇ ಸ್ನಾಯು ದಿನವಿಡೀ ದುಡಿಯದಂತೆ ಪಾಳಿಯ ನಡುವೆಯೇ ಕೆಲಸದ ಅದಲುಬದಲು. ಒಟ್ಟು ವೆಚ್ಚ ಸುಮಾರು 40,000 ಯೂರೋ. ಅಷ್ಟು ದೊಡ್ಡ ಸಂಸ್ಥೆಗೆ ಅದು ಚಿಲ್ಲರೆ ಹಣ. ಒಂದು ವರ್ಷದಲ್ಲಿ ಆ ಸಾಲಿನ ಉತ್ಪಾದಕತೆ ನೂರಕ್ಕೆ 7ರಷ್ಟು ಏರಿ, ಕಿರಿಯರ ಸಾಲುಗಳಿಗೆ ಸರಿಸಮನಾಯಿತು. ನೂರಕ್ಕೆ 7ರಷ್ಟಿದ್ದ ಗೈರುಹಾಜರಿ 2ಕ್ಕೆ ಇಳಿಯಿತು. ಆಮೇಲೆ ಸಂಸ್ಥೆ ಈ ಕ್ರಮವನ್ನು ತನ್ನ ಬೇರೆ ಘಟಕಗಳಿಗೂ ಒಯ್ದಿತು.

ಇದನ್ನು ನಾನು ಕರುಣೆಯ ಕಥೆಯಾಗಿ ಓದುವುದಿಲ್ಲ. ಲಾಭ ನಷ್ಟದ ಲೆಕ್ಕ ಬಲ್ಲವರೇ ಮಾಡಿದ ಕೆಲಸ ಅದು. ಅವರು ಬದಲಿಸಿದ್ದು ಮನುಷ್ಯನನ್ನಲ್ಲ, ಅವನ ಕಾಲ ಕೆಳಗಿನ ನೆಲವನ್ನು.

ಜಪಾನಿನ ದಾರಿ ಬೇರೆ. ಅಲ್ಲಿ ನೂರು ಜನರಲ್ಲಿ ಸುಮಾರು 29 ಮಂದಿ 65 ದಾಟಿದವರು. ಬಯಸಿದವರಿಗೆಲ್ಲ 65ರವರೆಗೆ ಕೆಲಸ ಕೊಡಬೇಕೆಂಬ ಕಾನೂನು 2013ರಲ್ಲಿ ಜಾರಿಗೆ ಬಂತು. 70ರವರೆಗೆ ಅವಕಾಶ ಕಲ್ಪಿಸಲು ಪ್ರಯತ್ನಿಸಬೇಕೆಂದು 2021ರಲ್ಲಿ ಸೇರಿಸಿದರು. ಆದರೆ ಬಹಳಷ್ಟು ಸಂಸ್ಥೆಗಳು 60ಕ್ಕೆ ನಿವೃತ್ತಿ ಕೊಟ್ಟು, ಅದೇ ವ್ಯಕ್ತಿಯನ್ನು ಕರಾರಿನ ಮೇಲೆ ಕಡಿಮೆ ಸಂಬಳಕ್ಕೆ ಮತ್ತೆ ಕರೆಯುತ್ತವೆ. ನಿನ್ನೆಯ ಮೇಜು, ನಿನ್ನೆಯ ಕೆಲಸ. ಸಂಬಳ ಮಾತ್ರ ಇಂದಿನದು. ಕಾನೂನಿಗೆ ವಿಧೇಯರಾಗುವುದಕ್ಕೂ ಕಾಲಕ್ಕೆ ಹೊಂದಿಕೊಳ್ಳುವುದಕ್ಕೂ ಇರುವ ಅಂತರ ಇದು.

ನಮ್ಮದು ಯುವಕರ ದೇಶ, ಈ ಚಿಂತೆ ನಮಗೇಕೆ ಎನ್ನುವವರಿದ್ದಾರೆ. ಒಂದು ತಲೆಮಾರು ತನ್ನ ಸ್ಥಾನವನ್ನು ತುಂಬಬೇಕಾದರೆ ತಾಯಿಯೊಬ್ಬಳಿಗೆ ಸರಾಸರಿ 2.1 ಮಕ್ಕಳು ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆ ಸಂಖ್ಯೆ 1.7. ಡಿಂಗೋಲ್ಫಿಂಗಿನ ಲೆಕ್ಕವನ್ನು ನಾವೂ ಹಾಕಬೇಕಾದ ದಿನ ತೀರ ದೂರವಿಲ್ಲ.

ನನ್ನ ಸೇವೆಯ ಕೊನೆಯ ಎರಡು ವರ್ಷ ಎಂ.ಎ. ತರಗತಿ ಮೂರನೆಯ ಮಹಡಿಯಲ್ಲಿತ್ತು. ಪಂಪನನ್ನು ಕಂಕುಳಲ್ಲಿರಿಸಿಕೊಂಡು ಎರಡನೆಯ ಮಹಡಿಯ ತಿರುವಿನಲ್ಲಿ ನಿಂತು ಉಸಿರು ತಿರುಗಿಸಿಕೊಳ್ಳುತ್ತಿದ್ದೆ. ಮೇಲೆ ಕಾಯುತ್ತಿದ್ದ ಹುಡುಗರ ಐದು ಹತ್ತು ನಿಮಿಷಗಳು ದಿನವೂ ಹಾಗೆ ಹೋಗುತ್ತಿದ್ದವು. ಆದಿಪುರಾಣದ ಕೊನೆಯ ಭಾಗವನ್ನು ಆ ವರ್ಷ ಅವಸರದಲ್ಲಿ ಮುಗಿಸಿದೆ. ಕೆಳಗಿನ ಕೊಠಡಿಯೊಂದನ್ನು ಕೊಡಿರೆಂದು ಬರೆದುಕೊಟ್ಟಾಗ, “ಇನ್ನೆರಡು ವರ್ಷ ತಾನೇ, ಹೇಗೋ ಕಳೆದುಬಿಡಿ ಸಾರ್” ಎಂಬ ಉತ್ತರ ಬಂತು. ಹೇಳಿದವರಲ್ಲಿ ದುರುದ್ದೇಶವಿರಲಿಲ್ಲ. ಕೆಳಗಿನ ಕೊಠಡಿಯಲ್ಲಿ ಹಳೆಯ ಉತ್ತರ ಪತ್ರಿಕೆಗಳ ಮೂಟೆಗಳನ್ನು ಇರಿಸಿದ್ದರು, ಅಷ್ಟೆ. ಮೊನ್ನೆ ಆ ಕಡೆ ಹೋದಾಗ ಕಿಟಕಿಯಲ್ಲಿ ಇಣುಕಿ ನೋಡಿದೆ. ಮೂಟೆಗಳು ಇನ್ನೂ ಅಲ್ಲಿಯೇ ಇವೆ.