ತಬಲಾಕ್ಕೆ ಗುರು, ಹಾಡಿಗೆ ಶಿಷ್ಯ

1936. ವಿಜಯನಗರ ಸಾಮ್ರಾಜ್ಯ ಹುಟ್ಟಿ 600 ವರ್ಷ ತುಂಬಿದ ಸಂಭ್ರಮ ಹಂಪಿಯಲ್ಲಿ. ಗಂಗಾವತಿ ಕಡೆಯವರಿಗೆ ಅದು ಪರಸ್ಥಳವಲ್ಲ. ಆನೆಗೊಂದಿಯಲ್ಲಿ ಹೊಳೆ ದಾಟಿದರೆ ಆಯಿತು. ಆ ಉತ್ಸವದಲ್ಲಿ ಇಪ್ಪತ್ತು ತುಂಬದ ಹುಡುಗನೊಬ್ಬ ಮೊದಲ ಸಲ ದೊಡ್ಡ ಸಭೆಯ ಮುಂದೆ ಹಾಡಲು ಕುಳಿತ. ಹೆಸರು ಬಸವರಾಜ ರಾಜಗುರು. ತಬಲಾ ಸಾಥಿಗೆ ಕುಳಿತವರು ಬೇರೆ ಯಾರೂ ಅಲ್ಲ, ಅವನ ಗುರು ಪಂಚಾಕ್ಷರಿ ಗವಾಯಿಗಳು. ಕರ್ನಾಟಕಿ, ಹಿಂದೂಸ್ತಾನಿ ಎರಡರಲ್ಲೂ ಪಳಗಿದ ಗಾಯಕರು, ಅಂದು ಶಿಷ್ಯನ ಧ್ವನಿಗೆ ಠೇಕಾ ಹಿಡಿದರು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಸ್ವಿಂಗ್ ಎಂಬ ಜಾಝ್ ಸಂಗೀತಕ್ಕೆ ಊರಿಗೆ ಊರೇ ಕುಣಿಯುತ್ತಿತ್ತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬ್ಯಾಂಡ್ ಕಟ್ಟಿದ್ದ ಚಿಕ್ ವೆಬ್ ಕೂಡ ಡ್ರಮ್ ಹಿಂದೆ ಕುಳಿತೇ ತಂಡ ನಡೆಸಿದವರು. ಬೆನ್ನುಮೂಳೆಯ ಕ್ಷಯದಿಂದ ಅವರ ದೇಹ ಕುಗ್ಗಿತ್ತು. ತಾಯಿ ತೀರಿಕೊಂಡು ದಿಕ್ಕಿಲ್ಲದಂತಾಗಿದ್ದ ಎಲಾ ಫಿಟ್ಸ್‌ಜೆರಾಲ್ಡ್ ಎಂಬ ಹುಡುಗಿಯನ್ನು 1935ರಲ್ಲಿ ತಂಡಕ್ಕೆ ಸೇರಿಸಿಕೊಂಡರು. 1939ರಲ್ಲಿ ವೆಬ್ ತೀರಿಹೋದಾಗ ಬ್ಯಾಂಡನ್ನು ಮುನ್ನಡೆಸಿದ್ದು ಅದೇ ಹುಡುಗಿ. ಹಂಪಿಯ ವೇದಿಕೆಗೂ ಹಾರ್ಲೆಮ್‌ಗೂ ಎತ್ತಣಿಂದೆತ್ತ! ಆದರೂ ತಾಳ ಹಿಡಿದು ಹಿಂದೆ ಕುಳಿತು ಎಳೆಯರನ್ನು ಮುಂದೆ ಮಾಡುವ ಆ ಮನಸ್ಸು ಒಂದೇ.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲ ಹೆಸರು ಗದಿಗಯ್ಯ. ಅವರಿಗೂ ಕಣ್ಣಿಲ್ಲ, ಅಣ್ಣನಿಗೂ ಇಲ್ಲ. ಇಬ್ಬರ ಕಂಠ ಕೇಳಿ ಕೈಹಿಡಿದವರು ಹಾನಗಲ್ ಕುಮಾರ ಸ್ವಾಮಿಗಳು. ಮುಂದೆ ಮಿರಜಿನ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಪಾಠವಾಯಿತು. ಕಲಿತದ್ದನ್ನು ಕಚೇರಿಯ ಬಿದಾಗಿಗಷ್ಟೇ ಇಟ್ಟುಕೊಳ್ಳದೆ, ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುವ ಪಾಠಶಾಲೆಯನ್ನೇ ನಡೆಸಿದರು.

ಅದು ಹಗುರದ ಕೆಲಸವಲ್ಲ. ಸ್ವಿಂಗ್ ತಂಡಕ್ಕೆ ಕುಣಿತದ ಸಭಾಂಗಣದ ಟಿಕೆಟ್ ಹಣವಿತ್ತು, ರೇಡಿಯೋ ಇತ್ತು, ರೆಕಾರ್ಡ್ ಇತ್ತು. ಇಲ್ಲಿ ಭಕ್ತರು ಕೊಟ್ಟ ಜೋಳವೇ ಆಧಾರ. ಬರ ಬಿದ್ದ ವರ್ಷ ಅದೂ ಇಲ್ಲ. ಹತ್ತಾರು ಮಕ್ಕಳ ಹೊಟ್ಟೆಗೆ ದಾರಿ ಹುಡುಕುತ್ತ ನಾಟಕ ಕಂಪನಿಯನ್ನೂ ಕಟ್ಟಿದರು. ಪಾಠವೆಲ್ಲ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ. ಕಾಣದ ಮಗುವಿಗೆ ತಬಲಾ ಕಲಿಸುವುದೆಂದರೆ ಅದರ ಬೆರಳನ್ನೇ ಹಿಡಿದು, ನಡುವಿನ ಕಪ್ಪು ಕರಣೆ ಎಲ್ಲಿ ಮುಗಿಯಿತು, ಅಂಚು ಎಲ್ಲಿ ಶುರುವಾಯಿತು ಎಂದು ತೊಗಲಿನ ಮೇಲೆ ಆಡಿಸಬೇಕು. ಬಾಯಲ್ಲಿ ಬೋಲ್ ಗಟ್ಟಿಯಾಗುವ ತನಕ ಕೈಗೆ ಬಿಡುವಿಲ್ಲ.

ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರು ನೆರಳು ಕೊಟ್ಟರು. ಊರೂರು ತಿರುಗುತ್ತಿದ್ದ ಪಾಠಶಾಲೆ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಶಿಷ್ಯ. ಅವರು ನಾಟಕ ಬರೆದರು, ಹತ್ತಾರು ವಾದ್ಯ ನುಡಿಸಿದರು, ಆಶ್ರಮವನ್ನು 2010ರ ತನಕ ಸಾಕಿದರು. ಆ ವರ್ಷವೇ ಪದ್ಮಭೂಷಣ ಬಂತು. ಜನರಿಗೆ ಮಾತ್ರ ಅವರು ಎಂದಿಗೂ ಅಜ್ಜಾವ್ರು.

ಗದಗದಿಂದ ರೈಲು ಹತ್ತಿದರೆ ಕೊಪ್ಪಳ ದೂರವಿಲ್ಲ. ಪಂಚಾಕ್ಷರಿ ಗವಾಯಿಗಳ ಕಾಲದಲ್ಲಿ ಮಾತ್ರ ಗದಗ ಮುಂಬಯಿ ಸರಕಾರಕ್ಕೆ, ಕೊಪ್ಪಳ ನಿಜಾಮರಿಗೆ ಸೇರಿತ್ತು. ಪುರಾಣ, ಪ್ರವಚನದ ಹಾಡಿಗೆ ಆ ಗಡಿ ಅಡ್ಡ ಬರಲಿಲ್ಲ. ಶ್ರಾವಣ ಬಂತೆಂದರೆ ಇಂದಿಗೂ ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಯ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಓದಿ ಅರ್ಥ ಹೇಳುತ್ತಾರೆ, ಗವಾಯಿ ಪೇಟಿ ಮುಂದಿಟ್ಟುಕೊಂಡು ಹಾಡುತ್ತಾನೆ. ಪಕ್ಕದಲ್ಲಿ ತಬಲಾದ ಹುಡುಗ ಕಿವಿಯನ್ನು ತೊಗಲಿಗೆ ಹಚ್ಚಿ, ಸಣ್ಣ ಸುತ್ತಿಗೆಯಿಂದ ಮರದ ಗಟ್ಟಾ ಬಡಿಯುತ್ತ ಶ್ರುತಿ ಕೂಡಿಸುತ್ತಿರುತ್ತಾನೆ. ಯಾರ ಶಿಷ್ಯನೆಂದು ಕೇಳಿದರೆ, ಎಷ್ಟೋ ಸಲ ಗದುಗಿನ ಆಶ್ರಮದ ಹೆಸರೇ ಹೇಳುತ್ತಾನೆ.