ಮದ್ದು ತಾಗದಿದ್ದರೆ ತಪ್ಪು ಯಾರದ್ದು?

ಮನೆಯ ಹಿರಿಯರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಸಾಲ ಮಾಡಿ ದುಬಾರಿ ಮಾತ್ರೆ ತಂದರೂ ಮದ್ದು ತಾಗಲಿಲ್ಲ. ಆಗ ನಾವು ಏನು ಹೇಳುತ್ತೇವೆ? "ಅವರು ಸರಿಯಾಗಿ ತಗೊಂಡಿಲ್ಲ", ಇಲ್ಲದಿದ್ದರೆ "ಡಾಕ್ಟರಿಗೆ ಗೊತ್ತಾಗಲಿಲ್ಲ". ಎಷ್ಟೋ ಸಲ ತಪ್ಪು ಇಬ್ಬರದ್ದೂ ಅಲ್ಲ.

ನಮ್ಮ ದೇಹದಲ್ಲಿ ಪ್ರೊಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಕೋಶವು ಜೀನ್‌ನ ಸಂದೇಶವನ್ನು ಆರ್‌ಎನ್‌ಎ ರೂಪದಲ್ಲಿ ನಕಲು ಮಾಡಿ, ಬೇಡದ ತುಂಡುಗಳನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸುತ್ತದೆ. ಒಂದೇ ಬಟ್ಟೆಯಿಂದ ಟೈಲರ್ ಬೇರೆ ಬೇರೆ ಅಳತೆಯ ಅಂಗಿ ಹೊಲಿದ ಹಾಗೆ, ಒಂದೇ ಜೀನ್‌ನಿಂದ ಹಲವು ಬಗೆಯ ಆರ್‌ಎನ್‌ಎ ಬರುತ್ತದೆ. ಆರೋಗ್ಯವಂತರಲ್ಲೂ ಇದು ಸಹಜ. ಆದರೆ ಕ್ಯಾನ್ಸರ್ ಕೋಶ ಇದರಿಂದಲೇ ಮದ್ದಿನ ಕೈಯಿಂದ ತಪ್ಪಿಸಿಕೊಳ್ಳಬಹುದು.

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಗಂಡು ಹಾರ್ಮೋನಿನ ಬಲದಿಂದ. ಕೋಶದ ರಿಸೆಪ್ಟರ್‌ನಲ್ಲಿ ಹಾರ್ಮೋನ್ ಕೂರುವ ಜಾಗವನ್ನು ಎಂಜಲುಟಮೈಡ್ ಮಾತ್ರೆ ಹಿಡಿದುಕೊಳ್ಳುತ್ತದೆ. ಅಬಿರಾಟೆರೋನ್ ಹಾರ್ಮೋನ್ ತಯಾರಾಗುವುದನ್ನೇ ತಡೆಯುತ್ತದೆ. ಆದರೆ 'ಎಆರ್-ವಿ7' ಎಂಬ ತುಂಡು ರಿಸೆಪ್ಟರ್‌ನಲ್ಲಿ ಆ ಜಾಗವೇ ಇಲ್ಲ. ಹಾರ್ಮೋನ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ. ಬಾಗಿಲೇ ಇಲ್ಲದ ಕಡೆ ಬೀಗ ಹಾಕುವುದೆಲ್ಲಿಗೆ?

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು 2014ರಲ್ಲಿ ಇದನ್ನು ತೋರಿಸಿದರು. ಎರಡೂ ಮದ್ದಿಗೆ ತಲಾ 31 ರೋಗಿಗಳು. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶಗಳನ್ನು ಹಿಡಿದು ಪರೀಕ್ಷಿಸಿದಾಗ 18 ಮಂದಿಯಲ್ಲಿ ಎಆರ್-ವಿ7 ಸಿಕ್ಕಿತು. ಆ 18ರಲ್ಲಿ ಒಬ್ಬರಿಗೂ ಪಿಎಸ್‌ಎ ಅರ್ಧಕ್ಕೆ ಇಳಿಯಲಿಲ್ಲ. ಅದು ಇಲ್ಲದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇಳಿಯಿತು. 2017ರಲ್ಲಿ 202 ಮಂದಿಯನ್ನು ನೋಡಿದಾಗ ಎಆರ್-ವಿ7 ಇದ್ದ ಕೆಲವರಿಗೆ ಮದ್ದು ತಾಗಿದ್ದೂ ಕಂಡಿತು. ಆದ್ದರಿಂದ ಇದನ್ನು ಕೊನೆಯ ತೀರ್ಪು ಅನ್ನಲಾಗದು.

ಇನ್ನೊಂದು ಸಮಾಧಾನದ ಮಾತು: ಎಆರ್-ವಿ7 ಇದ್ದವರಲ್ಲೂ ಟ್ಯಾಕ್ಸೇನ್ ಗುಂಪಿನ ಕೀಮೋ ಕೆಲಸ ಮಾಡಿದ್ದುಂಟು. ಒಂದು ದಾರಿ ಮುಚ್ಚಿದ್ದು ಬೇಗ ಗೊತ್ತಾದರೆ ತಿಂಗಳುಗಟ್ಟಲೆ ಸಮಯ, ದುಡ್ಡು ಎರಡೂ ಉಳಿದೀತು.

ಹಾಗಂತ ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಮದ್ದು ತಾಗುತ್ತಿಲ್ಲ ಅನ್ನಿಸಿದರೆ ಕ್ಯಾನ್ಸರ್ ಡಾಕ್ಟರ ಹತ್ತಿರ ಕೂತು, "ಇನ್ನೇನು ಪರೀಕ್ಷೆ ಇದೆ, ಬೇರೆ ದಾರಿ ಯಾವುದು?" ಎಂದು ಕೇಳೋಣ. ರೋಗಿಯನ್ನು ಬೈಯುವುದನ್ನಂತೂ ಬಿಡೋಣ. ಅವರ ನೋವೇ ಅವರಿಗೆ ಸಾಕು.